ಹತ್ತರಲ್ಲಿ ಎಂಟು ಸರಿ ಹೇಳಿದೆ, ಆದರೂ ಸೋತೆ!

ಕಳೆದ ವರ್ಷ ಮೇ 14ರ ಮಧ್ಯರಾತ್ರಿ ಹನ್ನೆರಡೂವರೆ. ಧಾರವಾಡದ ಸಪ್ತಾಪುರದ ನಮ್ಮ ರೂಮಿನಲ್ಲಿ ಮೂವರು ಒಂದು ಮೊಬೈಲಿನ ಮುಂದೆ ಕುಳಿತಿದ್ದೆವು. ಓಣಿಯ ಬೇರೆ ರೂಮುಗಳಲ್ಲಿ ಲೈಟು ಉರಿಯುತ್ತಿದ್ದುದು ಓದುವುದಕ್ಕೆ, ನಮ್ಮ ರೂಮಿನಲ್ಲಿ ಮಾತ್ರ ಹಾಡಿಗೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಯೂರೋವಿಷನ್ ಗಾಯನ ಸ್ಪರ್ಧೆಯ ಮೊದಲ ಸೆಮಿಫೈನಲ್ ಶುರುವಾಗುವುದರಲ್ಲಿತ್ತು. ಹದಿನೈದು ದೇಶಗಳು ಹಾಡುತ್ತವೆ, ಹತ್ತು ಫೈನಲ್‌ಗೆ ಹೋಗುತ್ತವೆ, ಐದು ಮನೆಗೆ. ಆ ಹತ್ತು ಯಾವುವು ಎಂದು ನಾನು ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ.

‘ಏನಲೇ, ನಾಳೆ ಮಾಕ್ ಟೆಸ್ಟ್ ಐತಿ. ಈ ಯುರೋಪಿನವರ ಹಾಡು ನಿನಗ ಯಾಕ ಬೇಕು?’ ಎಂದು ರೂಮ್‌ಮೇಟ್ ಬೈಯುತ್ತಲೇ ಪಕ್ಕಕ್ಕೆ ಬಂದು ಕುಳಿತ. ಅವನ ಪ್ರಶ್ನೆ ಸರಿಯಾಗಿಯೇ ಇತ್ತು. ಅದಕ್ಕೆ ಉತ್ತರ ನನಗೆ ಸಿಕ್ಕಿದ್ದು ಮಾತ್ರ ಬಹಳ ತಡವಾಗಿ.

ನನಗೆ ಈ ಹುಚ್ಚು ಹತ್ತಿಸಿದ್ದು ಒಂದು ರೀಲ್ಸ್. ಕೆಲವು ವರ್ಷಗಳ ಹಿಂದೆ ‘ಆರ್ಕೇಡ್’ ಎಂಬ ಇಂಗ್ಲಿಷ್ ಹಾಡು ಎಲ್ಲರ ಮೊಬೈಲಿನಲ್ಲೂ ಓಡಾಡಿತ್ತು, ನೀವೂ ಕೇಳಿರುತ್ತೀರಿ. ಅದನ್ನು ಹಾಡಿದ ಡಂಕನ್ ಲಾರೆನ್ಸ್ ನೆದರ್ಲೆಂಡ್ಸ್‌ನವರು. 2019ರಲ್ಲಿ ಆ ಹಾಡಿನಿಂದಲೇ ಅವರ ದೇಶ ಯೂರೋವಿಷನ್ ಗೆದ್ದಿತ್ತು. ಹುಡುಕುತ್ತಾ ಹೋದಾಗ ಅದಕ್ಕಿಂತ ಕುತೂಹಲದ ಸಂಗತಿಯೊಂದು ಸಿಕ್ಕಿತು. 2005ರಿಂದ 2012ರವರೆಗೆ, ಸತತ ಎಂಟು ವರ್ಷ, ಇದೇ ನೆದರ್ಲೆಂಡ್ಸ್ ಸೆಮಿಫೈನಲ್ಲನ್ನೇ ದಾಟಿರಲಿಲ್ಲ. ಎಂಟು ಸಲ ಪ್ರಿಲಿಮ್ಸ್‌ನಲ್ಲೇ ಫೇಲಾಗಿ ಆಮೇಲೆ ರ‍್ಯಾಂಕ್ ಬಂದವರ ಕಥೆಯಂತೆ ಕಂಡಿತು. ಪರೀಕ್ಷೆಗಳ ಮೇಲೆ ಪರೀಕ್ಷೆ ಬರೆಯುತ್ತಿದ್ದ ನನಗೆ ಇದು ಹಿಡಿಸದೇ ಇರುತ್ತದೆಯೇ?

ಏನಿದು ಸ್ಪರ್ಧೆ?

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಯೂರೋವಿಷನ್ ಶುರುವಾದದ್ದು 1956ರಲ್ಲಿ, ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ. ಅಂದು ಇದ್ದದ್ದು ಏಳೇ ದೇಶ. ಕ್ರಮೇಣ ದೇಶಗಳು ಹೆಚ್ಚಾದವು, ಒಂದೇ ರಾತ್ರಿಯಲ್ಲಿ ಎಲ್ಲರನ್ನೂ ಹಾಡಿಸುವುದು ಅಸಾಧ್ಯವಾಯಿತು. 2004ರಲ್ಲಿ ಒಂದು ಸೆಮಿಫೈನಲ್ ಬಂತು, 2008ರಿಂದ ಎರಡಾಯಿತು. ಪ್ರತಿ ಸೆಮಿಫೈನಲ್‌ನಿಂದ ಹತ್ತು ದೇಶ ಮುಂದಕ್ಕೆ ಹೋಗುತ್ತವೆ. ಆತಿಥೇಯ ದೇಶಕ್ಕೆ ನೇರ ಪ್ರವೇಶ. ಫ್ರಾನ್ಸ್, ಜರ್ಮನಿ, ಇಟಲಿ, ಸ್ಪೇನ್, ಬ್ರಿಟನ್‌ಗಳಿಗೂ ನೇರ ಪ್ರವೇಶ, ಏಕೆಂದರೆ ಸ್ಪರ್ಧೆಗೆ ಹೆಚ್ಚು ಹಣ ಕೊಡುವ ದೇಶಗಳು ಅವು. ಹಾಡು ಮೂರು ನಿಮಿಷ ಮೀರಬಾರದು, ವೇದಿಕೆಯ ಮೇಲೆ ಆರು ಜನಕ್ಕಿಂತ ಹೆಚ್ಚು ಇರಬಾರದು, ಮುಖ್ಯ ಗಾಯಕರು ನೇರವಾಗಿಯೇ ಹಾಡಬೇಕು. ಯಾವ ದೇಶದವರೂ ತಮ್ಮ ದೇಶಕ್ಕೆ ತಾವೇ ಮತ ಹಾಕುವಂತಿಲ್ಲ.

2023ರಿಂದ ಸ್ಪರ್ಧೆಯಲ್ಲಿಲ್ಲದ ದೇಶಗಳ ವೀಕ್ಷಕರೂ ಆನ್‌ಲೈನ್‌ನಲ್ಲಿ ಹಣ ಕಟ್ಟಿ ಮತ ಹಾಕಬಹುದು. ಆ ಮತಗಳೆಲ್ಲ ಸೇರಿ ಒಂದು ದೇಶದ ಮತದಷ್ಟೇ ತೂಕ ಪಡೆಯುತ್ತವೆ. ಅಂದರೆ ಧಾರವಾಡದಿಂದಲೂ ಮತ ಹಾಕುವ ಅವಕಾಶವಿತ್ತು. ವಿದೇಶಿ ಪಾವತಿಗೆ ನಡೆಯುವ ಕಾರ್ಡ್ ನಮ್ಮಲ್ಲಿ ಯಾರ ಬಳಿಯೂ ಇರಲಿಲ್ಲ, ಅಷ್ಟೇ. ಹಾಗಾಗಿ ನಮಗೆ ಉಳಿದದ್ದು ಭವಿಷ್ಯ ಹೇಳುವ ಕೆಲಸ.

ಮೂರು ಚೀಟಿ, ಮೂರು ದಾರಿ

ಮೇಲಿನ ರೂಮಿನಲ್ಲಿ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ ಮುಗಿಸಿ ನೆಟ್ ಪರೀಕ್ಷೆಗೆ ಓದುತ್ತಿದ್ದ ಅಣ್ಣ ಒಬ್ಬರಿದ್ದರು. ನನ್ನ ಪಟ್ಟಿ ನೋಡಿ ನಕ್ಕರು. ‘ಬರೇ ಹೆಸರು ಬರದ್ರ ಸಾಲದು, ಪ್ರತಿಯೊಂದರ ಮುಂದ ನೂರಕ್ಕ ಎಷ್ಟು ನಂಬಿಕಿ ಅಂತ ಬರಿ. ಹತ್ತು ದೇಶ ಆಯ್ಕೆ ಆಗೂದರಿಂದ ಎಲ್ಲಾ ಕೂಡಿಸಿದ್ರ ಒಂದು ಸಾವಿರ ಬರಬೇಕು ನೋಡು’ ಎಂದರು. ಪಂದ್ಯಕ್ಕೆ ತಾವೂ ಸೇರಿದರು. ಸೋತವರು ಒಂದು ವಾರ ಎಲ್ಲರಿಗೂ ಚಹಾ ಕುಡಿಸಬೇಕು.

ರೂಮ್‌ಮೇಟ್‌ಗೆ ಒಂದು ಹಾಡೂ ಗೊತ್ತಿರಲಿಲ್ಲ. ಅವನು ದೇಶಗಳ ಹೆಸರನ್ನು ಚೀಟಿಯಲ್ಲಿ ಬರೆದು, ಸ್ಟೀಲ್ ಡಬ್ಬಿಗೆ ಹಾಕಿ, ಅಲುಗಾಡಿಸಿ ಹತ್ತು ಚೀಟಿ ಎತ್ತಿದ. ಅಣ್ಣ ಹಾಡು ಕೇಳುವ ಗೋಜಿಗೇ ಹೋಗಲಿಲ್ಲ. ಎರಡೂ ಸೆಮಿಫೈನಲ್‌ಗಳಲ್ಲಿ ಹಿಂದಿನ ವರ್ಷ, ಅಂದರೆ 2024ರಲ್ಲಿ, ಫೈನಲ್‌ಗೆ ಅರ್ಹತೆ ಪಡೆದಿದ್ದ ದೇಶಗಳಿಗೆ ಟಿಕ್ ಹಾಕಿದರು. ಲೆಕ್ಕ ಹಾಕಿದರೆ ಮೊದಲನೆಯದರಲ್ಲಿ ಒಂಬತ್ತು, ಎರಡನೆಯದರಲ್ಲಿ ಹನ್ನೊಂದು, ಒಟ್ಟು ಸರಿಯಾಗಿ ಇಪ್ಪತ್ತು.

ನಾನು ಮಾತ್ರ ಎರಡು ತಿಂಗಳು ತಪಸ್ಸು ಮಾಡಿದ್ದೆ. ಎಲ್ಲ ಹಾಡು ಕೇಳಿದ್ದೆ, ರಿಹರ್ಸಲ್ ತುಣುಕು ನೋಡಿದ್ದೆ, ಅಭಿಮಾನಿಗಳ ವಾದ ಓದಿದ್ದೆ, ವಿದೇಶಿ ಬೆಟ್ಟಿಂಗ್ ದರ ಗಮನಿಸಿದ್ದೆ. (ಬೆಟ್ ಕಟ್ಟಲು ಅಲ್ಲ, ದರದೊಳಗೆ ಅಂದಾಜು ಅಡಗಿರುತ್ತದೆ ಎಂಬ ಕಾರಣಕ್ಕೆ. ದರ 1.25 ಇದ್ದರೆ ಒಂದನ್ನು ಅದರಿಂದ ಭಾಗಿಸಿದಾಗ ಶೇ 80 ಬರುತ್ತದೆ. ಎಲ್ಲ ದೇಶಗಳದ್ದನ್ನೂ ಕೂಡಿಸಿದರೆ ಸಾವಿರಕ್ಕಿಂತ ಹೆಚ್ಚು ಬರುತ್ತದೆ. ಆ ಹೆಚ್ಚುವರಿಯೇ ಬೆಟ್ಟಿಂಗ್ ನಡೆಸುವವರ ಲಾಭ.) ಸ್ವೀಡನ್‌ಗೆ 100, ಉಕ್ರೇನ್, ಎಸ್ಟೋನಿಯಾ, ಅಲ್ಬೇನಿಯಾ, ನೆದರ್ಲೆಂಡ್ಸ್‌ಗೆ ತಲಾ 95 ಕೊಟ್ಟೆ. ಬೆಲ್ಜಿಯಂಗೂ 95. ನಾರ್ವೆ, ಸೈಪ್ರಸ್‌ಗೆ 85. ಪೋಲೆಂಡ್, ಸ್ಯಾನ್ ಮರಿನೊಗೆ 80. ಹೊರಗುಳಿಯುವವರ ಪಟ್ಟಿಯಲ್ಲಿ ಐಸ್‌ಲ್ಯಾಂಡ್, ಕ್ರೊವೇಷಿಯಾ, ಸ್ಲೊವೇನಿಯಾ ತಲಾ 25, ಪೋರ್ಚುಗಲ್ 15, ಅಜರ್‌ಬೈಜಾನ್ 5.

ಬೆಳಗಿನ ಜಾವ ಫಲಿತಾಂಶ ಬಂತು. ನನ್ನ ಹತ್ತರಲ್ಲಿ ಎಂಟು ಸರಿ! ಬೆಲ್ಜಿಯಂ, ಸೈಪ್ರಸ್ ಹೋಗಲಿಲ್ಲ. ಅವುಗಳ ಬದಲು ಪೋರ್ಚುಗಲ್ ಮತ್ತು ಐಸ್‌ಲ್ಯಾಂಡ್ ಹೋದವು. ಎರಡು ದಿನದ ನಂತರದ ಎರಡನೇ ಸೆಮಿಫೈನಲ್‌ನಲ್ಲೂ ಎಂಟು. ಅಲ್ಲಿ ಆಸ್ಟ್ರೇಲಿಯಾ ಮತ್ತು ಝೆಕ್ ಗಣರಾಜ್ಯ ಕೈಕೊಟ್ಟವು. ನಾನು ಬಿಟ್ಟಿದ್ದ ಅರ್ಮೇನಿಯಾ, ಡೆನ್ಮಾರ್ಕ್ ಗೆದ್ದವು. ಇಪ್ಪತ್ತರಲ್ಲಿ ಹದಿನಾರು, ಶೇ 80. ಡಿಸ್ಟಿಂಕ್ಷನ್ ಬಂದವನಂತೆ ಬೀಗಿದೆ.

‘ಮೂರು ಮಂದಿದೂ ಲೆಕ್ಕ ತೆಗಿ’ ಎಂದರು ಅಣ್ಣ.

ಡಬ್ಬಿಯ ಚೀಟಿಗೆ 13. ಹಾಡೇ ಕೇಳದ ಅಣ್ಣನಿಗೆ 14. ಎರಡು ತಿಂಗಳು ನಿದ್ದೆಗೆಟ್ಟ ನನಗೆ 16.

ಡಬ್ಬಿಗೆ ಹದಿಮೂರು ಹೇಗೆ?

ಇಲ್ಲೇ ಇರುವುದು ಮರ್ಮ. ಹದಿನೈದರಲ್ಲಿ ಹತ್ತು ಆಯ್ಕೆಯಾಗುವಾಗ ಕಣ್ಣುಮುಚ್ಚಿ ಎತ್ತಿದ ಚೀಟಿಯೂ ಮೂರರಲ್ಲಿ ಎರಡು ಸಲ ಸರಿಯಾಗಿರುತ್ತದೆ. ಹತ್ತು ಚೀಟಿಗೆ ಸರಾಸರಿ 6.67. ಹದಿನಾರು ದೇಶಗಳಿದ್ದ ಎರಡನೇ ಸೆಮಿಫೈನಲ್‌ನಲ್ಲಿ 6.25. ಒಟ್ಟು ಹದಿಮೂರರ ಹತ್ತಿರ. ರೂಮ್‌ಮೇಟ್‌ಗೆ ಬಂದದ್ದೂ ಅಷ್ಟೇ. ಇನ್ನೂ ತಮಾಷೆಯೆಂದರೆ ಹದಿನೈದರ ಪಟ್ಟಿಯಲ್ಲಿ ಸೋಲುವವರು ಐದೇ ಜನ. ಆ ಐದನ್ನೂ ನೀವು ಆರಿಸಿಕೊಂಡರೂ ಉಳಿದ ಐದು ಸರಿಯಾಗಲೇಬೇಕು. ಜಗತ್ತಿನ ಅತಿ ಕೆಟ್ಟ ಜ್ಯೋತಿಷಿಗೂ ಹತ್ತಕ್ಕೆ ಐದು ಖಾತ್ರಿ! ‘ಹತ್ತರಲ್ಲಿ ಎಂಟು’ ಎಂದು ನಾನು ಬೀಗಿದ್ದು ಸೊನ್ನೆಯಿಂದ ಎಣಿಸಿ. ಎಣಿಸಬೇಕಿದ್ದದ್ದು ಆರೂಮುಕ್ಕಾಲಿನಿಂದ.

ಅಣ್ಣ ಅಷ್ಟಕ್ಕೇ ಬಿಡಲಿಲ್ಲ. ಮೊದಲ ಸೆಮಿಫೈನಲ್‌ಗೆ ನಾನು ಬರೆದಿದ್ದ ಶೇಕಡಾಗಳನ್ನು ತೆಗೆದರು. ಲೆಕ್ಕ ಸುಲಭ: ದೇಶ ಗೆದ್ದರೆ 1, ಸೋತರೆ 0. ನೀವು ಹೇಳಿದ ಸಂಖ್ಯೆಗೂ ಇದಕ್ಕೂ ಇರುವ ವ್ಯತ್ಯಾಸದ ವರ್ಗವೇ ನಿಮ್ಮ ದಂಡ. ಇದನ್ನು ಬ್ರಿಯರ್ ಸ್ಕೋರ್ ಎನ್ನುತ್ತಾರೆ, ಕಡಿಮೆ ಬಂದಷ್ಟೂ ಒಳ್ಳೆಯದು. ಹವಾಮಾನ ಮುನ್ಸೂಚನೆಯನ್ನು ಅಳೆಯಲು ಹುಟ್ಟಿದ ಅಳತೆ ಇದು. ಬೆಲ್ಜಿಯಂಗೆ 0.95 ಎಂದಿದ್ದೆ, ಅದು ಸೋತಿತು; ದಂಡ 0.9025. ಅದನ್ನೇ 0.60 ಎಂದಿದ್ದರೆ ದಂಡ 0.36 ಮಾತ್ರ. ಪೋರ್ಚುಗಲ್‌ಗೆ 0.15 ಎಂದಿದ್ದೆ, ಗೆದ್ದಿತು, ದಂಡ 0.7225. ಹದಿನೈದೂ ದೇಶಗಳದ್ದನ್ನು ಕೂಡಿಸಿದಾಗ 3.15, ಸರಾಸರಿ 0.21.

‘ಈಗ ಎಲ್ಲಾ ದೇಶದ ಮುಂದೂ 67 ಅಂತ ಬರದು ಮಲಗಿದ್ದವನ ಲೆಕ್ಕ ಹಾಕು’ ಎಂದರು. ಹಾಕಿದೆ. 0.22.

ನಾನು ಸುಮ್ಮನಾದೆ. ಎರಡು ತಿಂಗಳ ಜ್ಞಾನಕ್ಕೂ ಏನೂ ಗೊತ್ತಿಲ್ಲದವನ ಪ್ರಾಮಾಣಿಕತೆಗೂ ಇದ್ದ ಅಂತರ 0.01! ನನಗೆ ಗೊತ್ತಿದ್ದದ್ದು ಕಡಿಮೆಯೇನೂ ಇರಲಿಲ್ಲ. ಗೊತ್ತಿದೆ ಎಂದು ನಂಬಿದ್ದು ಮಾತ್ರ ಅದಕ್ಕಿಂತ ಹೆಚ್ಚಿತ್ತು. ದಂಡದ 3.15ರಲ್ಲಿ 2.91 ಬಂದದ್ದು ನಾಲ್ಕೇ ದೇಶಗಳಿಂದ. ಅವು ನಾನು ಜೋರಾಗಿ ಹೇಳಿ ತಪ್ಪಿದ ನಾಲ್ಕು.

ಎಲ್ಲಿ ಎಡವಿದೆ?

ಬೆಲ್ಜಿಯಂ ಹಾಡನ್ನು ಮಾರ್ಚ್‌ನಿಂದ ನೂರು ಸಲ ಕೇಳಿದ್ದೆ. ಅಭಿಮಾನಿಗಳೆಲ್ಲ ಮೆಚ್ಚಿದ್ದರು. ಆದರೆ ಮತ ಹಾಕುವವರಲ್ಲಿ ಹೆಚ್ಚಿನವರು ಆ ಹಾಡನ್ನು ಜೀವನದಲ್ಲಿ ಮೊದಲ ಬಾರಿ ಕೇಳುವುದು ಆ ರಾತ್ರಿ, ಆ ಮೂರು ನಿಮಿಷದಲ್ಲಿ. ಅವರಿಗೆ ಅದು ಹೇಗೆ ಕಾಣಬಹುದು ಎಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಎರಡನೆಯದು, ಯಾರು ಮತ ಹಾಕುತ್ತಾರೆ ಎಂಬುದು. ನೇರ ಪ್ರವೇಶದ ದೇಶಗಳು ಒಂದೊಂದು ಸೆಮಿಫೈನಲ್‌ನಲ್ಲಿ ಮಾತ್ರ ಮತ ಹಾಕುತ್ತವೆ. ಮೊದಲನೆಯದರಲ್ಲಿ ಮತ ಹಾಕಿದ್ದು ಇಟಲಿ, ಸ್ಪೇನ್ ಮತ್ತು ಸ್ವಿಟ್ಜರ್ಲೆಂಡ್. ಪೋರ್ಚುಗಲ್‌ನ ಪಕ್ಕದ ಮನೆ ಸ್ಪೇನ್. ಸ್ವಿಟ್ಜರ್ಲೆಂಡಿನಲ್ಲಿ ದುಡಿಯಲು ಹೋಗಿ ನೆಲೆಸಿದ ಪೋರ್ಚುಗೀಸರು ಲಕ್ಷಗಟ್ಟಲೆ ಇದ್ದಾರೆ. ಅವರ ಹಾಡಿನ ವಸ್ತುವೂ ಊರು ಬಿಟ್ಟು ಬಂದವನ ಹಂಬಲವೇ ಆಗಿತ್ತು. ಹಾಗಾಗಿ ಅದಕ್ಕೆ 15 ಕೊಟ್ಟದ್ದು ನನ್ನ ಸೋಮಾರಿತನ. ಸ್ಯಾನ್ ಮರಿನೊ ಸುತ್ತಲೂ ಇಟಲಿಯೇ ಇರುವ ಪುಟ್ಟ ದೇಶ. ಅದರ ಪರವಾಗಿ ಬಂದವರು ಇಟಲಿಯ ಡಿ.ಜೆ., ಹಾಡೂ ಇಟಲಿಯ ಬಗ್ಗೆಯೇ. ಅದು ದಾಟಿದ್ದರಲ್ಲಿ ಆಶ್ಚರ್ಯವಿಲ್ಲ.

ಮೂರನೆಯದು ನಿಯಮ. 2022ರ ಎರಡನೇ ಸೆಮಿಫೈನಲ್‌ನಲ್ಲಿ ಆರು ದೇಶಗಳ ತೀರ್ಪುಗಾರರ ಮತದಲ್ಲಿ ಅಸಹಜ ಮಾದರಿ ಕಂಡುಬಂತು ಎಂದು ಸಂಘಟಕರೇ ಹೇಳಿದರು. ಮರುವರ್ಷದಿಂದ ಸೆಮಿಫೈನಲ್‌ನಲ್ಲಿ ತೀರ್ಪುಗಾರರೇ ಇರಲಿಲ್ಲ, ಎಲ್ಲವೂ ಜನರ ಮತ. ಜನರ ಮತದಲ್ಲಿ ‘ಬೇಡ’ ಎನ್ನುವ ಗುಂಡಿ ಇಲ್ಲ. ಹತ್ತು ಜನ ಬೈದರೂ ಒಬ್ಬ ಹುಚ್ಚೆದ್ದು ಮತ ಹಾಕಿದರೆ ಲಾಭವೇ. ಎಲ್ಲರೂ ‘ಪರವಾಗಿಲ್ಲ, ಚೆನ್ನಾಗಿದೆ’ ಎನ್ನುವ ಹಾಡಿಗೆ ಮಾತ್ರ ಒಂದೂ ಮತ ಬೀಳದಿರಬಹುದು. ನಾನು ಹಾಡಿಗೆ ಅಂಕ ಕೊಡುತ್ತಿದ್ದೆ. ಅಲ್ಲಿ ಅಳೆಯುತ್ತಿದ್ದದ್ದು ಬೇರೆಯದೇ ಆಗಿತ್ತು.

ಇನ್ನು ಕೆಲವು ನಂಬಿಕೆಗಳಿಗೆ ಬೆಲೆ ಇದೆ, ಆದರೆ ಪೂರ್ತಿ ಇಲ್ಲ. ಮೊದಲು ಹಾಡುವವರನ್ನು ಜನ ಮರೆಯುತ್ತಾರೆ, ಕೊನೆಯವರು ನೆನಪಿರುತ್ತಾರೆ ಎನ್ನುತ್ತಾರೆ. ಎರಡನೇ ಸೆಮಿಫೈನಲ್‌ನಲ್ಲಿ ಮೊದಲು ಹಾಡಿದ ಆಸ್ಟ್ರೇಲಿಯಾ ಸೋತಿತು, ಕೊನೆಯ ಫಿನ್ಲೆಂಡ್ ಗೆದ್ದಿತು. ಸರಿ. ಆದರೆ ಮೊದಲ ಸೆಮಿಫೈನಲ್‌ನಲ್ಲಿ ಮೊದಲು ಹಾಡಿದ ಐಸ್‌ಲ್ಯಾಂಡ್ ಗೆದ್ದಿತು, ಕೊನೆಯ ಸೈಪ್ರಸ್ ಸೋತಿತು! ಚರಿತ್ರೆಯೂ ಹಾಗೆಯೇ. ಉಕ್ರೇನ್ ಸೆಮಿಫೈನಲ್‌ನಲ್ಲಿ ಎಂದೂ ಸೋತಿರಲಿಲ್ಲ, ಈ ಸಲವೂ ಸೋಲಲಿಲ್ಲ. ಆದರೆ 2017ರಿಂದ 2023ರವರೆಗೆ ಸ್ಪರ್ಧೆ ನಡೆದ ಪ್ರತಿ ವರ್ಷವೂ ಸೋತಿದ್ದ ಲಾಟ್ವಿಯಾ 2024ರಲ್ಲಿ ಮತ್ತು 2025ರಲ್ಲಿ ಎರಡೂ ಸಲ ದಾಟಿತು. ಫೈನಲ್‌ನಲ್ಲೂ ಅಷ್ಟೆ. ಎಲ್ಲರೂ ಗೆಲ್ಲುತ್ತದೆ ಎಂದಿದ್ದ ಸ್ವೀಡನ್ ನಾಲ್ಕನೆಯದಾಯಿತು, ಆಸ್ಟ್ರಿಯಾ ಗೆದ್ದಿತು.

ಹಾಡು ಮುಗಿದ ಮೇಲೆ

ಇಷ್ಟೇ ಆಗಿದ್ದರೆ ಇದನ್ನು ಇಲ್ಲಿ ಬರೆಯುತ್ತಿರಲಿಲ್ಲ. ಒಂದು ವಾರ ಚಹಾ ಕುಡಿಸಿದ್ದು ರೂಮ್‌ಮೇಟೇ. ಆದರೆ ಆ 0.21 ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ಏಕೆಂದರೆ ಅದಕ್ಕೂ ಮೂರು ತಿಂಗಳ ಮೊದಲು ನಾನು ಇನ್ನೊಂದು ಭವಿಷ್ಯ ಹೇಳಿದ್ದೆ. ನೇಮಕಾತಿ ಪರೀಕ್ಷೆಯೊಂದನ್ನು ಬರೆದು ಬಂದವನೇ ಊರಿಗೆ ಫೋನ್ ಮಾಡಿ, ‘ಅಪ್ಪಾ, ಈ ಸಲ ನೂರಕ್ಕ ತೊಂಬತ್ತು ಆಗೇ ಆಗತೈತಿ’ ಎಂದಿದ್ದೆ. ಅಪ್ಪ ಅದನ್ನು ನಂಬಿ ನಾಲ್ಕು ಜನರ ಹತ್ತಿರ ಹೇಳಿಕೊಂಡಿದ್ದರು. ಕಟ್ ಆಫ್ ಬಂದಾಗ ನಾನು ಅದರ ಕೆಳಗಿದ್ದೆ. ತಿಂಗಳೊಪ್ಪತ್ತು ಊರಿಗೆ ಹೋಗುವ ಧೈರ್ಯವಾಗಲಿಲ್ಲ.

ಆ ‘ತೊಂಬತ್ತು’ ಎಲ್ಲಿಂದ ಬಂದಿತ್ತು? ಪರೀಕ್ಷೆಯ ಸಂಜೆ ಟೆಲಿಗ್ರಾಂ ಗುಂಪಿನಲ್ಲಿ ನಡೆದ ಪೋಲ್‌ನಿಂದ. ಅಲ್ಲಿ ಅಂಕ ಹಾಕುವವರು ಯಾರು? ಕೆಲವರು ಚೆನ್ನಾಗಿ ಬರೆದವರು, ಕೆಲವರು ಸುಮ್ಮನೆ ಹಾಕುವವರು. ಸುಮ್ಮನೆ ಬರೆದು ಮನೆಗೆ ಹೋದ ಸಾವಿರಾರು ಜನ ಆ ಗುಂಪಿನಲ್ಲೇ ಇಲ್ಲ. ಅಭಿಮಾನಿಗಳ ಮಾತು ಕೇಳಿ ಬೆಲ್ಜಿಯಂಗೆ 95 ಕೊಟ್ಟಂತೆಯೇ ಇದು. ಜೊತೆಗೆ ನಾನು ನೆನಪಿಟ್ಟುಕೊಂಡಿದ್ದು ಚೆನ್ನಾಗಿ ಬಂದ ಮಾಕ್ ಟೆಸ್ಟ್‌ಗಳನ್ನು ಮಾತ್ರ. ಕೆಟ್ಟದ್ದಕ್ಕೆ ‘ಅವತ್ತು ತಲೆನೋವಿತ್ತು’ ಎಂದು ಕಾರಣ ಕೊಟ್ಟು ಮರೆತಿದ್ದೆ.

ಯೂರೋವಿಷನ್ ಸೆಮಿಫೈನಲ್‌ನಲ್ಲಿ ಮೂವರಲ್ಲಿ ಇಬ್ಬರು ಪಾಸ್. ನಮ್ಮ ಪರೀಕ್ಷೆಗಳಲ್ಲಿ ಲೆಕ್ಕ ತಲೆಕೆಳಗು, ಹುದ್ದೆ ಬೆರಳೆಣಿಕೆ, ಅರ್ಜಿ ಲೆಕ್ಕವಿಲ್ಲದಷ್ಟು. ಎಣಿಕೆ ಶುರುವಾಗಬೇಕಾದದ್ದು ಆ ಕೆಳಗಿನ ಸಂಖ್ಯೆಯಿಂದ. ಅಲ್ಲಿಂದ ನನ್ನ ಸ್ವಂತ ದಾಖಲೆ ನನ್ನನ್ನು ಎಷ್ಟು ಮೇಲೆತ್ತುತ್ತದೆ ಎಂದು ನೋಡಬೇಕು. ಅದೇ ನೋಟ್‌ಬುಕ್ಕಿನ ಹಿಂದಿನ ಪುಟದಿಂದ ಶುರು ಮಾಡಿದೆ. ಪ್ರತಿ ಮಾಕ್ ಟೆಸ್ಟ್‌ಗೆ ಮೊದಲು ಎಷ್ಟು ಅಂಕ ಬರಬಹುದೆಂದು ಬರೆಯುವುದು, ನಂತರ ನಿಜವಾಗಿ ಬಂದದ್ದನ್ನು ಪಕ್ಕದಲ್ಲಿ ಬರೆಯುವುದು. ಕಾರಣ ಬರೆಯಲು ಜಾಗವನ್ನೇ ಇಡಲಿಲ್ಲ. ಇಪ್ಪತ್ತು ಟೆಸ್ಟ್ ಆದ ಮೇಲೆ ಎಣಿಸಿದರೆ, ಹಿಂದಿನ ಕಟ್ ಆಫ್ ದಾಟಿದ್ದು ಎಂಟರಲ್ಲಿ. ನೂರಕ್ಕೆ ನಲವತ್ತು. ಬಹುತೇಕ ಸೋತದ್ದು ಒಂದೇ ವಿಭಾಗದಲ್ಲಿ, ಗಣಿತದ ವೇಗದಲ್ಲಿ ಎಂಬುದೂ ಅದೇ ಪುಟದಲ್ಲಿ ಕಂಡಿತು.

ದೀಪಾವಳಿಗೆ ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ. ‘ಅಪ್ಪಾ, ಮುಂದಿನ ಪರೀಕ್ಷೆ ಹತ್ತರಾಗ ನಾಕು. ಅಷ್ಟ ನೋಡ್ರಿ.’

ಅಪ್ಪ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, ‘ನಾಕು ಅಂದ್ರ ಕಡಿಮಿ ಏನಲ್ಲ. ಮುಂಗಾರು ನಂಬಿ ಹೆಸರು ಬಿತ್ತುವಾಗ ನನಗ ಅಷ್ಟೂ ಖಾತ್ರಿ ಇರೂದಿಲ್ಲ. ಆದ್ರ ಹೋದ ಸಲ ಒಂಬತ್ತು ಅಂತ ಯಾಕ್ ಹೇಳಿದಿ?’ ಎಂದರು.

ನನ್ನ ಬಳಿ ಉತ್ತರವಿರಲಿಲ್ಲ. ನಾನು ಅವರಿಗೆ ಸುಳ್ಳು ಹೇಳಿರಲಿಲ್ಲ, ನನಗೇ ಹೇಳಿಕೊಂಡಿದ್ದನ್ನು ಅವರಿಗೂ ಹೇಳಿದ್ದೆ.

ಆ ರಾತ್ರಿ ಇಬ್ಬರೂ ಕೂತು ಮಾತಾಡಿದೆವು. ತೊಂಬತ್ತು ಎಂದಿದ್ದರೆ ಇನ್ನೇನೂ ಯೋಚಿಸುವುದು ಬೇಕಿರಲಿಲ್ಲ. ನಲವತ್ತು ಎಂದಾಗ ಉಳಿದ ಅರವತ್ತಕ್ಕೆ ಏನು ಎಂಬ ಪ್ರಶ್ನೆ ತಾನಾಗಿ ಎದುರಿಗೆ ಬಂತು. ಹೊಲದಲ್ಲಿ ಅಪ್ಪ ಒಂದೇ ಬೆಳೆ ನಂಬುವವರಲ್ಲ, ಹೆಸರು ಹೋದರೆ ಹಿಂಗಾರಿಗೆ ಕಡಲೆ ಇರುತ್ತದೆ. ನಾನೂ ಈಗ ಬೆಳಗ್ಗೆ ಒಂದು ಅಕೌಂಟ್ಸ್ ಆಫೀಸಿನಲ್ಲಿ ಅರ್ಧ ದಿನ ಕೆಲಸ ಮಾಡುತ್ತೇನೆ. ರೂಮಿನ ಬಾಡಿಗೆ ಅದರಲ್ಲಿ ಹೋಗುತ್ತದೆ, ಜಿಎಸ್‌ಟಿ ಕೆಲಸ ಕಲಿಯುತ್ತಿದ್ದೇನೆ. ಸಂಜೆ ಓದು. ಗಣಿತಕ್ಕೆ ದಿನಕ್ಕೆ ಒಂದೂವರೆ ಗಂಟೆ ಹೆಚ್ಚು. ಕೊನೆಯ ಹತ್ತು ಟೆಸ್ಟ್‌ಗಳಲ್ಲಿ ಐದು ದಾಟಿದ್ದೇನೆ. ಐವತ್ತು ಎಂದು ಬರೆಯಲು ಕೈ ಹೋಗುತ್ತದೆ. ಹತ್ತೇ ಟೆಸ್ಟ್ ಅಲ್ಲವೇ ಎಂದು ನಲವತ್ತೈದು ಬರೆದಿದ್ದೇನೆ.

ಗೆಳೆಯರೇ, ಧೈರ್ಯ ಇರಬೇಕು, ‘ಆಗೇ ಆಗುತ್ತದೆ’ ಎನ್ನಬೇಕು ಎಂದು ಎಲ್ಲರೂ ಹೇಳುತ್ತಾರೆ. ಸ್ಯಾನ್ ಮರಿನೊದ ಗಾಯಕಿ ವಲೆಂಟಿನಾ ಮೊನೆಟ್ಟಾ 2012ರಲ್ಲಿ ಸೋತರು, 2013ರಲ್ಲಿ ಸೋತರು, 2014ರಲ್ಲಿ ಮತ್ತೆ ಬಂದು ತಮ್ಮ ದೇಶವನ್ನು ಮೊದಲ ಬಾರಿ ಫೈನಲ್‌ಗೆ ಕೊಂಡೊಯ್ದರು. ಕಥೆ ಇಲ್ಲಿಗೆ ನಿಲ್ಲಿಸಿದರೆ ಚಪ್ಪಾಳೆ ಹೊಡೆಯಬಹುದು. ಆದರೆ ಅವರು 2017ರಲ್ಲಿ ಮತ್ತೆ ಬಂದರು, ಆಗ ಸೆಮಿಫೈನಲ್ ದಾಟಲಿಲ್ಲ. ಎರಡೂ ನಿಜ. ಪ್ರಯತ್ನ ಬಿಡದಿರಲು ಗೆಲುವು ಖಾತ್ರಿ ಇರಬೇಕಿಲ್ಲ, ನಲವತ್ತು ಸಾಕು.

ಈ ವರ್ಷದ ಯೂರೋವಿಷನ್ ಆಸ್ಟ್ರಿಯಾದ ವಿಯೆನ್ನಾದಲ್ಲಿ. ಇಸ್ರೇಲ್ ಭಾಗವಹಿಸುವುದನ್ನು ವಿರೋಧಿಸಿ ಸ್ಪೇನ್, ಐರ್ಲೆಂಡ್, ನೆದರ್ಲೆಂಡ್ಸ್, ಸ್ಲೊವೇನಿಯಾ, ಐಸ್‌ಲ್ಯಾಂಡ್ ಹಿಂದೆ ಸರಿದಿವೆ. ಪೋರ್ಚುಗಲ್‌ಗೆ ಪಕ್ಕದ ಮನೆಯ ಮತ ಇಲ್ಲ. ಸೆಮಿಫೈನಲ್‌ಗೆ ತೀರ್ಪುಗಾರರು ಮರಳಿದ್ದಾರೆ. ಹೋದ ವರ್ಷದ ಲೆಕ್ಕ ಹಾಗೇ ಹಾಕಿದರೆ ಈ ಸಲ ತಪ್ಪುವುದು ನಿಶ್ಚಿತ. ರೂಮ್‌ಮೇಟ್ ಡಬ್ಬಿ ತೊಳೆದು ಇಟ್ಟಿದ್ದಾನೆ. ನಾನೂ ನೋಟ್‌ಬುಕ್ ತೆಗೆದಿದ್ದೇನೆ. ಯಾವ ದೇಶದ ಮುಂದೆಯೂ ಈ ಸಲ 100 ಎಂದು ಬರೆದಿಲ್ಲ.